ಅಪ್ಪನಿಗೊಂದು ಬ್ಯಾಟರಿ: 2000 ರೂಪಾಯಿಯೊಳಗೆ ನಂಬಿಕೆಯ ಎಲ್‌ಇಡಿ ಟಾರ್ಚ್ ಯಾವುದು?

ತುಂಗೆಯ ಮಗಳು

ಎಲ್ಲರಿಗೂ ನಮಸ್ಕಾರ. ನಮ್ಮ ಊರು ತೀರ್ಥಹಳ್ಳಿಯ ಹತ್ತಿರ. ನಾನು ಕೆಲಸದ ಮೇಲೆ ಬೆಂಗಳೂರಿನಲ್ಲಿದ್ದೇನೆ. ಊರಿನಲ್ಲಿ ಅಪ್ಪ, ಅಮ್ಮ ಇಬ್ಬರೇ. ಅಪ್ಪನಿಗೆ ಈಗ ಅರವತ್ತಾರು ವರ್ಷ. ಅಡಿಕೆ ತೋಟ ಮನೆಯಿಂದ ಅರ್ಧ ಕಿಲೋಮೀಟರ್ ಇಳಿಜಾರಿನಲ್ಲಿದೆ. ನಡುವೆ ಒಂದು ಹಳ್ಳ, ಅದಕ್ಕೆ ಅಡಿಕೆ ಮರದ ಎರಡು ದಬ್ಬೆ ಹಾಕಿದ ಸಂಕ. ಬೇಸಿಗೆಯಲ್ಲಿ ತ್ರೀ ಫೇಸ್ ಕರೆಂಟು ರಾತ್ರಿ ಹನ್ನೊಂದಕ್ಕೋ ಒಂದಕ್ಕೋ ಬರುತ್ತದೆ. ಬಂದ ಕೂಡಲೇ ಅಪ್ಪ ಎದ್ದು ಮೋಟರ್ ಹಾಕಲು ಹೊರಡುತ್ತಾರೆ. ಅವರ ಬೆಳಕು ಸಂಕ ದಾಟಿ ಮರೆಯಾಗುವವರೆಗೆ ಅಮ್ಮ ಜಗಲಿಯಲ್ಲಿ ನಿಂತಿರುತ್ತಾರೆ.

ಹೋದ ವರ್ಷ ನಾನೇ ಆನ್‌ಲೈನಿನಲ್ಲಿ 799 ರೂಪಾಯಿಯ ಒಂದು ಟಾರ್ಚ್ ತರಿಸಿಕೊಟ್ಟಿದ್ದೆ. ಡಬ್ಬಿಯ ಮೇಲೆ 50,000 ಲ್ಯೂಮೆನ್ (ಹೊರಬರುವ ಒಟ್ಟು ಬೆಳಕಿನ ಅಳತೆ) ಎಂದು ಬರೆದಿತ್ತು. ಮೊದಲ ದಿನ ಅಂಗಳವೆಲ್ಲ ಹಗಲಾದಂತೆ ಆಯಿತು, ಅಪ್ಪನಿಗೂ ಖುಷಿಯಾಯಿತು. ಎರಡು ತಿಂಗಳಲ್ಲಿ ಅದು ಹತ್ತು ನಿಮಿಷಕ್ಕೇ ಮಂಕಾಗತೊಡಗಿತು. ಒಂದು ರಾತ್ರಿ ತೋಟದಿಂದ ಹಿಂತಿರುಗುವಾಗ ಸಂಕದ ನಡುವೆ ಪೂರ್ತಿ ಆರಿಹೋಯಿತು. ಅಪ್ಪ ಕೂತು, ದಬ್ಬೆಯನ್ನು ಕೈಯಿಂದ ತಡವುತ್ತಾ ತೆವಳಿಕೊಂಡು ಈಚೆ ಬಂದಿದ್ದಾರೆ. ಇದನ್ನು ನನಗೆ ಹೇಳಿದ್ದು ಅಮ್ಮ, ಅದೂ ಹದಿನೈದು ದಿನ ಕಳೆದ ಮೇಲೆ.

ಈ ಸಲ ತಪ್ಪಬಾರದು. ಸೆಲ್ಲೂ ಸೇರಿ 2000 ರೂಪಾಯಿಯವರೆಗೆ ಕೊಡಬಲ್ಲೆ. ಏನು ನೋಡಿ ಕೊಳ್ಳಬೇಕು?

ಮೂರು ಸೆಲ್ಲಿನ ಮೇಷ್ಟರು

ಮಗಳೇ, ನಿನ್ನ ಅಪ್ಪ ಟಾರ್ಚಿಗೆ ಬ್ಯಾಟರಿ ಎನ್ನುತ್ತಾರೆ, ಒಳಗೆ ಹಾಕುವುದಕ್ಕೆ ಸೆಲ್ ಎನ್ನುತ್ತಾರೆ ಅಲ್ಲವೇ? ನಾವೆಲ್ಲ ಹಾಗೇ ಹೇಳಿ ಬೆಳೆದವರು. ಮೂರು ಸೆಲ್ಲಿನ ತಗಡಿನ ಎವರೆಡಿ ಬ್ಯಾಟರಿ ನಮ್ಮ ಮನೆಯ ಬಾಗಿಲ ಹಿಂದೆ ಮೊಳೆಗೆ ನೇತಾಡುತ್ತಿತ್ತು. ಸೆಲ್ ಸೋತರೆ ಬಿಸಿಲಿಗೆ ಒಣಗಿಸಿ ಇನ್ನೆರಡು ದಿನ ಹಾಕುತ್ತಿದ್ದೆವು. ಬೆಳಕು ಹಳದಿ, ಈಗಿನದರ ಮುಂದೆ ಏನೂ ಅಲ್ಲ. ಆದರೆ ಅದು ಆರುವ ಮುಂಚೆ ಹೇಳಿ ಆರುತ್ತಿತ್ತು. ಮೊದಲು ಕೆಂಪಾಗುತ್ತಿತ್ತು, ಆಮೇಲೆ ಕೆಂಡದಂತಾಗುತ್ತಿತ್ತು, ಅಷ್ಟರಲ್ಲಿ ಮನೆ ಸೇರಿರುತ್ತಿದ್ದೆವು. ಸಂಕದ ನಡುವೆ ಒಮ್ಮೆಲೇ ಕೈಕೊಡುವ ಬೆಳಕು ಎಷ್ಟು ದೊಡ್ಡದಾದರೂ ನನಗೆ ಬೇಡ. ಇದನ್ನು ಬಲ್ಲವರು ಯಾರಾದರೂ ವಿವರಿಸಬೇಕು: ಎಲ್‌ಇಡಿ ಯಾಕೆ ಹೀಗೆ ಹೇಳದೆ ಹೋಗುತ್ತದೆ?

ದುರಸ್ತಿ ಅಂಗಡಿ, ದಾವಣಗೆರೆ

ಮೇಷ್ಟರೇ, ನಿಮ್ಮ ಪ್ರಶ್ನೆಯಿಂದಲೇ ಶುರು ಮಾಡುತ್ತೇನೆ. ಲಿಥಿಯಂ ಸೆಲ್ ತುಂಬಿದಾಗ 4.2 ವೋಲ್ಟ್ ಇರುತ್ತದೆ. 2.5 ವೋಲ್ಟಿಗಿಂತ ಕೆಳಗಿಳಿದರೆ ಸೆಲ್ ಕೆಡುತ್ತದೆ. ಹಾಗಾಗಿ ಸೆಲ್ಲಿನ ಮೇಲೆ ಅಥವಾ ಟಾರ್ಚಿನ ಒಳಗೆ ಇರುವ ಕಾವಲು ಸರ್ಕ್ಯೂಟ್ ಅದಕ್ಕೆ ಮುಂಚೆಯೇ ಸಂಪರ್ಕ ಕಡಿದುಬಿಡುತ್ತದೆ. ಸೆಲ್ಲಿನ ದೃಷ್ಟಿಯಿಂದ ಅದು ಸರಿ. ಆದರೆ ಒಳ್ಳೆಯ ಟಾರ್ಚು ಕಡಿಯುವ ಮೊದಲು ಬೆಳಕನ್ನು ಮೆಟ್ಟಿಲು ಮೆಟ್ಟಿಲಾಗಿ ಇಳಿಸುತ್ತದೆ, ಸ್ವಿಚ್ಚಿನ ಪಕ್ಕ ಕೆಂಪು ದೀಪ ತೋರಿಸುತ್ತದೆ. ಅಗ್ಗದ್ದರಲ್ಲಿ ಆ ಎಚ್ಚರಿಕೆ ಇರುವುದಿಲ್ಲ, ಒಮ್ಮೆಲೇ ಕತ್ತಲೆ.

ತಂಗಿ, ಈಗ ನಿಮ್ಮ 50,000ದ ಲೆಕ್ಕ ನೋಡೋಣ. ಕೈಟಾರ್ಚುಗಳಲ್ಲಿ ಹೆಚ್ಚಾಗಿ ಇರುವುದು 18650 ಸೆಲ್. ಹೆಸರೇ ಅದರ ಅಳತೆ: 18 ಮಿಲಿಮೀಟರ್ ದಪ್ಪ, 65 ಮಿಲಿಮೀಟರ್ ಉದ್ದ, ಕೊನೆಯ ಸೊನ್ನೆ ಉರುಳೆಯಾಕಾರಕ್ಕೆ. ಹೆಸರುವಾಸಿ ಕಂಪನಿಗಳ ಒಳ್ಳೆಯ ಸೆಲ್ಲಿನಲ್ಲಿ 3500 ಎಂಎಎಚ್, ಅಂದರೆ 3.5 ಆಂಪಿಯರ್ ಅವರ್ ಚಾರ್ಜ್ ಹಿಡಿಯುತ್ತದೆ. ಅದನ್ನು 3.6 ವೋಲ್ಟಿನಿಂದ ಗುಣಿಸಿದರೆ 12.6 ವ್ಯಾಟ್ ಅವರ್. ಆ ಸೆಲ್ಲಿನಲ್ಲಿರುವ ಶಕ್ತಿ ಒಟ್ಟು ಅಷ್ಟೇ. ಎಲ್ಲ ನಷ್ಟ ಕಳೆದು ಒಂದು ವ್ಯಾಟಿಗೆ 100 ಲ್ಯೂಮೆನ್ ಬೆಳಕು ಹೊರಗೆ ಬಂತು ಎಂದುಕೊಳ್ಳಿ. ಆಗ 300 ಲ್ಯೂಮೆನ್ನಿನಲ್ಲಿ ಇಟ್ಟರೆ ನಾಲ್ಕು ಗಂಟೆಯ ಮೇಲೆ ಸ್ವಲ್ಪ, 100ರಲ್ಲಿ ಇಟ್ಟರೆ ಹನ್ನೆರಡು ಗಂಟೆ. ಇನ್ನು 50,000 ಲ್ಯೂಮೆನ್ ಬೇಕೆಂದರೆ 500 ವ್ಯಾಟ್ ಬೇಕು. ಅರ್ಧ ಎಚ್‌ಪಿ ಮೋಟರ್ ಎಂದರೆ 373 ವ್ಯಾಟ್. ಅರ್ಧ ಎಚ್‌ಪಿ ಮೋಟರಿಗಿಂತ ಹೆಚ್ಚು ಶಕ್ತಿ ಹೆಬ್ಬೆರಳು ಗಾತ್ರದ ಒಂದು ಸೆಲ್ಲಿನಿಂದ ಬರಬೇಕು! ಆ ಸಂಖ್ಯೆ ಸುಳ್ಳು ಎಂದು ತಿಳಿಯಲು ಟಾರ್ಚನ್ನು ಬಿಚ್ಚಬೇಕಾಗಿಯೇ ಇಲ್ಲ.

ಹಾಗೆಯೇ ಸೆಲ್ಲಿನ ಮೇಲೆ 9900 ಎಂಎಎಚ್ ಎಂದು ಬರೆದಿದ್ದರೆ ಮುಟ್ಟಬೇಡಿ. ನನ್ನ ಅಂಗಡಿಗೆ ಇಂಥವು ವಾರಕ್ಕೊಂದಾದರೂ ಬರುತ್ತವೆ. ಪಕ್ಕದ ಬೆಳ್ಳಿ ಅಂಗಡಿಯ ತಕ್ಕಡಿಯಲ್ಲಿ ಇಟ್ಟು ತೋರಿಸುತ್ತೇನೆ. ನಿಜವಾದ 18650 ಸುಮಾರು 45 ರಿಂದ 48 ಗ್ರಾಂ ತೂಗುತ್ತದೆ. ಇವು 28, 30, ಹೆಚ್ಚೆಂದರೆ 35. ಒಮ್ಮೆ ಒಂದನ್ನು ಪೂರ್ತಿ ಖಾಲಿ ಮಾಡಿ ಕತ್ತರಿಸಿ ನೋಡಿದೆ. ನೀವು ಯಾರೂ ಇದನ್ನು ಮಾಡಬೇಡಿ, ಬೆಂಕಿ ಹೊತ್ತಿಕೊಳ್ಳುತ್ತದೆ. ಹೊರಗಿನ ಕವಚದೊಳಗೆ ಕಿರುಬೆರಳಿನಷ್ಟು ಇನ್ನೊಂದು ಸೆಲ್ ಇತ್ತು, ಸುತ್ತಲಿನ ಜಾಗಕ್ಕೆ ಬಿಳಿ ಪುಡಿ ತುಂಬಿದ್ದರು. ಅದನ್ನು ತಂದಿದ್ದ ರೈತರು ಆ ಪುಡಿಯನ್ನು ಬೆರಳಿನಲ್ಲಿ ಉಜ್ಜಿ ನೋಡಿದರು, ಏನೂ ಮಾತಾಡಲಿಲ್ಲ. ಆ ಮುಖ ನನಗೆ ಈಗಲೂ ನೆನಪಿದೆ. ಅದಕ್ಕೇ ಇಷ್ಟುದ್ದ ಬರೆಯುತ್ತಿದ್ದೇನೆ.

ಭಾರತದಲ್ಲಿ ಮಾರುವ ಲಿಥಿಯಂ ಸೆಲ್ಲುಗಳಿಗೆ ಐಎಸ್ 16046 ಮಾನದಂಡದ ನೋಂದಣಿ ಕಡ್ಡಾಯ. ಸೆಲ್ಲಿನ ಮೇಲೆ ಅಥವಾ ಪೊಟ್ಟಣದ ಮೇಲೆ ಬಿಐಎಸ್ (ಭಾರತೀಯ ಮಾನಕ ಬ್ಯೂರೋ) ಗುರುತೂ ಆರ್ ಅಕ್ಷರದಿಂದ ಶುರುವಾಗುವ ನೋಂದಣಿ ಸಂಖ್ಯೆಯೂ ಇದೆಯೇ ನೋಡಿ.

ಕಾಫಿ ಕಣ

ನಾನು ಸಕಲೇಶಪುರ ಕಡೆಯವನು. ಲ್ಯೂಮೆನ್ ಲೆಕ್ಕ ಒಪ್ಪಿದೆ, ಆದರೆ ಅದು ಅರ್ಧ ಮಾತು ಮಾತ್ರ. ನಮ್ಮಲ್ಲಿ ಆನೆ ಇದೆ. ತೋಟದ ಗೇಟು ತೆಗೆಯುವ ಮೊದಲು ನೂರು ಮೀಟರ್ ಆಚೆಯ ತಿರುವಿನಲ್ಲಿ ಕಪ್ಪಗೆ ನಿಂತಿರುವುದು ಬಂಡೆಯೋ ಆನೆಯೋ ಗೊತ್ತಾಗಬೇಕು. 1000 ಲ್ಯೂಮೆನ್ನಿನ ಹರಡು ಬೆಳಕು ಅಲ್ಲಿಗೆ ಮುಟ್ಟುವುದೇ ಇಲ್ಲ, ಹತ್ತಿರದ ಕಾಫಿ ಗಿಡಗಳನ್ನು ಬೆಳಗಿ ಅಲ್ಲೇ ಮುಗಿಯುತ್ತದೆ. ದೂರ ಹೊಡೆಯುವ ಬೆಳಕಿಗೆ ನೋಡಬೇಕಾದ ಅಳತೆ ಕ್ಯಾಂಡೆಲಾ.

ಒಳ್ಳೆಯ ತಯಾರಕರು ಎಫ್‌ಎಲ್ 1 ಎಂಬ ಅಮೆರಿಕದ ಮಾನದಂಡದ ಪ್ರಕಾರ ಅಳೆದು ಡಬ್ಬಿಯ ಮೇಲೆ ಚಿಕ್ಕ ಚಿತ್ರಗಳ ಜೊತೆ ಬರೆಯುತ್ತಾರೆ. ಅದು 2009ರಲ್ಲಿ ಬಂದದ್ದು. ಕ್ಯಾಂಡೆಲಾದ ವರ್ಗಮೂಲ ತೆಗೆದು ಎರಡರಿಂದ ಗುಣಿಸಿದರೆ ಮೀಟರಿನಲ್ಲಿ ದೂರ ಸಿಗುತ್ತದೆ. 10,000 ಕ್ಯಾಂಡೆಲಾ ಎಂದರೆ 200 ಮೀಟರ್. ಆದರೆ ಆ 200ನೇ ಮೀಟರಿನಲ್ಲಿ ಬೀಳುವ ಬೆಳಕು ಕಾಲು ಲಕ್ಸ್, ಹೆಚ್ಚೂ ಕಡಿಮೆ ಹುಣ್ಣಿಮೆಯ ಬೆಳಕಿನಷ್ಟು. ಅದರಲ್ಲಿ ಆನೆಯ ಕಿವಿ ಕಾಣುವುದಿಲ್ಲ. ಬರೆದ ದೂರದ ಅರ್ಧಕ್ಕಿಂತ ಕಡಿಮೆಯೇ ಕೆಲಸದ ದೂರ ಎಂದು ನಾನು ಹಿಡಿಯುತ್ತೇನೆ.

ಇನ್ನೊಂದು ಮಾತು. ಆನೆ ಕಂಡರೆ ಬೆಳಕನ್ನು ಅದರ ಮುಖಕ್ಕೆ ಹಿಡಿದು ಆಡಿಸಬೇಡಿ. ಕಂಡಿತು, ಬೆಳಕು ಕೆಳಗಿಳಿಸಿ, ಹಿಂದೆ ಸರಿಯಿರಿ. ಅಷ್ಟೇ ಟಾರ್ಚಿನ ಕೆಲಸ.

ರಾತ್ರಿಪಾಳಿಯ ದಾದಿ

ಅಕ್ಕಾ, ನಾನು ತಾಲ್ಲೂಕು ಆಸ್ಪತ್ರೆಯಲ್ಲಿ ದಾದಿ. ಆನೆಯ ಮಾತು ನಿಜ ಇರಬಹುದು, ಆದರೆ ನಿಮ್ಮ ಅಪ್ಪ ನಡೆಯುವುದು ಅಡಿಕೆ ತೋಟದಲ್ಲಿ. ನಮ್ಮಲ್ಲಿಗೆ ರಾತ್ರಿ ಹೊತ್ತು ಹಾವು ಕಚ್ಚಿ ಬರುವವರನ್ನು ಮೊದಲು ಕೇಳುವುದು ಎಲ್ಲಿ ಕಚ್ಚಿತು ಎಂದು. ಹೆಚ್ಚಿನವರು ಪಾದ ತೋರಿಸುತ್ತಾರೆ, ಇಲ್ಲವೇ ಕಾಲಿನ ಹರಡು. ಎರಡನೆಯ ಪ್ರಶ್ನೆ, ಕೈಯಲ್ಲಿ ಬೆಳಕಿತ್ತೇ? ಮನೆಯಲ್ಲಿ ಇತ್ತು, ಹತ್ತಿರವೇ ಅಲ್ಲವೇ ಎಂದು ಬಿಟ್ಟು ಬಂದೆ ಎನ್ನುತ್ತಾರೆ. ಅಥವಾ ಚಾರ್ಜ್ ಉಳಿಯಲೆಂದು ಆರಿಸಿಕೊಂಡು ನಡೆಯುತ್ತಿದ್ದೆ ಎನ್ನುತ್ತಾರೆ.

ಕೊಳಕುಮಂಡಲ ಜಾಗ ಬಿಟ್ಟು ಓಡುವ ಹಾವಲ್ಲ. ಒಣಗಿದ ಸೋಗೆ, ಹಾಳೆಗಳ ನಡುವೆ ಅದೇ ಬಣ್ಣಕ್ಕೆ ಮಲಗಿರುತ್ತದೆ. ಕಟ್ಟುಹಾವು ಓಡಾಡುವುದೇ ರಾತ್ರಿ. ಹಾಗಾಗಿ ನಿಮ್ಮ ಅಪ್ಪನಿಗೆ ಬೇಕಾದದ್ದು ಹೆಜ್ಜೆಯ ಮುಂದಿನ ಎರಡು ಮೂರು ಮೀಟರ್ ನೆಲ ಸ್ಪಷ್ಟವಾಗಿ ಕಾಣುವ, ಹೋಗುವಾಗಲೂ ಬರುವಾಗಲೂ ಆರಿಸುವ ಅಗತ್ಯವೇ ಬೀಳದ ಬೆಳಕು. 2024ರಲ್ಲಿ ನಮ್ಮ ರಾಜ್ಯ ಸರ್ಕಾರ ಹಾವು ಕಡಿತವನ್ನು ವರದಿ ಮಾಡಲೇಬೇಕಾದ ಪ್ರಕರಣ ಎಂದು ಘೋಷಿಸಿದೆ. ಅಷ್ಟು ದೊಡ್ಡ ವಿಷಯ ಇದು. ಹೇಗೂ ಬರೆಯುತ್ತಿದ್ದೇನೆ, ಇದನ್ನೂ ಹೇಳಿಬಿಡುತ್ತೇನೆ: ಕಚ್ಚಿದರೆ ಕೊಯ್ಯುವುದು, ಹಗ್ಗ ಬಿಗಿಯುವುದು, ಬಾಯಿಂದ ಹೀರುವುದು ಯಾವುದೂ ಬೇಡ. ಕಾಲು ಅಲುಗಾಡಿಸದೆ ಸೀದಾ ಆಸ್ಪತ್ರೆಗೆ ಬನ್ನಿ.

ಬೂಟು ಹಾಕಿಸಿ ಅಕ್ಕಾ. ಟಾರ್ಚಿನಷ್ಟೇ ಅದೂ ಮುಖ್ಯ.

ಕಂಬ ಹತ್ತುವವನು

ನಾನು ಲೈನ್‌ಮನ್. ಕೈಯಲ್ಲಿ ಹಿಡಿಯುವ ಟಾರ್ಚೇ ಯಾಕೆ? ತಲೆಗೆ ಕಟ್ಟುವ ಹೆಡ್ ಲೈಟ್ ಕೊಡಿಸಿ. ಎರಡು ಕೈಯೂ ಬಿಡುವಾಗಿರುತ್ತವೆ, ಒಂದರಲ್ಲಿ ಕೋಲು ಹಿಡಿಯಬಹುದು. ಸ್ಟಾರ್ಟರ್ ಪೆಟ್ಟಿಗೆಯ ಫ್ಯೂಸ್ ಹಾಕುವಾಗ ಟಾರ್ಚನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು, ಬಾಯಲ್ಲಿ ಕಚ್ಚಿಕೊಂಡು ಒದ್ದೆ ನೆಲದ ಮೇಲೆ ನಿಂತ ರೈತರನ್ನು ನಾನು ಎಷ್ಟೋ ಸಲ ನೋಡಿದ್ದೇನೆ. ಕರೆಂಟಿನ ಹತ್ತಿರ ಕೈ ತಡವರಿಸುವಂತೆ ಆಗಬಾರದು.

ಕಾಫಿ ಕಣ

ಬೇಸಿಗೆಯಲ್ಲಿ ಸರಿ. ಜುಲೈ ತಿಂಗಳ ಮಂಜಿನಲ್ಲಿ ಹೆಡ್ ಲೈಟ್ ಹಾಕಿಕೊಂಡು ನಡೆದು ನೋಡಿ ಅಣ್ಣಾ. ಕಣ್ಣ ಮುಂದೆ ಬಿಳಿ ಗೋಡೆ ಎದ್ದಂತೆ ಆಗುತ್ತದೆ, ನಿಮ್ಮ ಕಾಲೇ ನಿಮಗೆ ಕಾಣುವುದಿಲ್ಲ. ಹುಳುಗಳೂ ನೇರ ಮುಖಕ್ಕೇ ಬರುತ್ತವೆ.

ತುಂಗೆಯ ಮಗಳು

ಮಂಜಿನ ಮಾತು ನಿಜ, ನಮ್ಮಲ್ಲೂ ಮಳೆಗಾಲದಲ್ಲಿ ಹಾಗೇ ಆಗುತ್ತದೆ. ಮಂಜಿಗೆ ಹಳದಿ ಬೆಳಕು ಒಳ್ಳೆಯದು ಎಂದು ಕೆಲವರು, ಬಿಳಿ ಬೆಳಕೇ ಹೆಚ್ಚು ಪ್ರಕಾಶ ಎಂದು ಇನ್ನು ಕೆಲವರು ಹೇಳುತ್ತಾರೆ. ಯಾವುದು ಸರಿ? ದಾದಿ ಅಕ್ಕ ಹೇಳಿದ ಸೋಗೆಯ ಬಣ್ಣದ ಮಾತು ಓದಿದ ಮೇಲೆ ನನಗೆ ನಿದ್ದೆ ಬಂದಿಲ್ಲ. ಹಳೆಯ ಟಾರ್ಚಿನ ಬೆಳಕು ನೀಲಿಗೆ ತಿರುಗಿದ ಬಿಳಿ ಇತ್ತು. ಅದರಲ್ಲಿ ತೋಟದ ನೆಲವೆಲ್ಲ ಬೂದಿ ಚೆಲ್ಲಿದ ಹಾಗೆ ಕಾಣುತ್ತಿತ್ತು ಎಂದು ಅಪ್ಪ ಹೇಳಿದ್ದರು.

ದುರಸ್ತಿ ಅಂಗಡಿ, ದಾವಣಗೆರೆ

ನಿಮ್ಮ ಅಪ್ಪ ಹೇಳಿದ್ದು ನೂರಕ್ಕೆ ನೂರು ಸರಿ. ಅವರ ಕಣ್ಣು ಕಂಡದ್ದಕ್ಕೆ ಕಾರಣ ಇದೆ.

ಬೆಳಕಿನ ಬಣ್ಣವನ್ನು ಕೆಲ್ವಿನ್‌ನಲ್ಲಿ ಹೇಳುತ್ತಾರೆ. ಹಳೆಯ ಬಲ್ಬು 2700 ಆಸುಪಾಸು, ಹಳದಿ. 4000ದಿಂದ 5000 ಎಂದರೆ ಬೆಳಗಿನ ಬಿಸಿಲಿಗೆ ಹತ್ತಿರ. 6500 ಮತ್ತು ಮೇಲಿನದು ನೀಲಿ ಬಿಳಿ. ಅಗ್ಗದ ಟಾರ್ಚುಗಳಲ್ಲಿ ಈ ನೀಲಿ ಬಿಳಿಯನ್ನೇ ಹಾಕುತ್ತಾರೆ, ಏಕೆಂದರೆ ಅಷ್ಟೇ ವಿದ್ಯುತ್ತಿಗೆ ಲ್ಯೂಮೆನ್ ಹೆಚ್ಚು ಬರುತ್ತದೆ. ಇದರ ಜೊತೆಗೆ ಸಿಆರ್‌ಐ ಎಂಬ ಇನ್ನೊಂದು ಅಳತೆ ಇದೆ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಎಂಬುದಕ್ಕೆ. ಗರಿಷ್ಠ 100. ಮಾಮೂಲಿ ಟಾರ್ಚಿನದು 70 ಆಸುಪಾಸು. ಅದರಲ್ಲಿ ಕೆಂಪು, ಕಂದು ಎರಡೂ ಸತ್ತುಹೋಗುತ್ತವೆ. ಒಣ ಹಾಳೆಯ ಕಂದು, ಕೊಳಕುಮಂಡಲದ ಬೆನ್ನಿನ ಕಂದು ಸರಪಳಿ, ಮಣ್ಣಿನ ಕೆಂಪು ಎಲ್ಲವೂ ಒಂದೇ ಬೂದು. ಸಿಆರ್‌ಐ 90ರ ಮೇಲಿರುವ 4000 ಅಥವಾ 5000 ಕೆಲ್ವಿನ್ ಬೆಳಕಿನಲ್ಲಿ ಅವು ಬೇರೆ ಬೇರೆಯಾಗಿ ಕಣ್ಣಿಗೆ ಬೀಳುತ್ತವೆ. ಲ್ಯೂಮೆನ್ ಕಾಲುಭಾಗ ಕಡಿಮೆಯಾದರೂ ನಾನು ಇದನ್ನೇ ಆರಿಸುತ್ತೇನೆ. ಜಪಾನಿನ ನಿಚಿಯಾ ಕಂಪನಿಯ 519ಎ, ಸ್ಯಾಮ್‌ಸಂಗಿನ ಎಲ್‌ಎಚ್351ಡಿ ಎಂಬ ಎಲ್‌ಇಡಿಗಳು ಈ ಗುಣಕ್ಕೆ ಹೆಸರಾದವು. ಟಾರ್ಚಿನ ವಿವರಣೆಯಲ್ಲಿ ಈ ಹೆಸರುಗಳನ್ನು ಹುಡುಕಿ. ಎಲ್‌ಇಡಿ ಯಾವುದು ಎಂದೇ ಹೇಳದ ಮಾರಾಟಗಾರನಿಂದ ಕೊಳ್ಳಬೇಡಿ.

ಮಂಜಿಗೆ ಹಳದಿ ಎಂಬುದು ಹಳೆಯ ನಂಬಿಕೆ. ಮಂಜಿನ ಹನಿ ಬೆಳಕಿನ ಅಲೆಗಿಂತ ಬಹಳ ದೊಡ್ಡದು, ಎಲ್ಲ ಬಣ್ಣವನ್ನೂ ಹೆಚ್ಚೂ ಕಡಿಮೆ ಒಂದೇ ರೀತಿ ಚೆದುರಿಸುತ್ತದೆ. ಕಣ್ಣಿಗೆ ಚುಚ್ಚುವುದು ಮಾತ್ರ ಹಳದಿಯಲ್ಲಿ ಸ್ವಲ್ಪ ಕಡಿಮೆ. ಮುಖ್ಯವಾದದ್ದು ಬೆಳಕನ್ನು ಎಲ್ಲಿ ಹಿಡಿಯುತ್ತೀರಿ ಎಂಬುದು. ಹಣೆಯ ಮೇಲಿದ್ದರೆ ಹನಿಯಿಂದ ಹಿಂದೆ ಚಿಮ್ಮಿದ ಬೆಳಕು ನೇರ ಕಣ್ಣಿಗೆ. ಸೊಂಟದ ಕೆಳಗೆ ಕೈ ಇಳಿಬಿಟ್ಟು ನೆಲಕ್ಕೆ ಹಿಡಿದರೆ ಅದೇ ಮಂಜು, ಅದೇ ಟಾರ್ಚು, ದಾರಿ ಕಾಣುತ್ತದೆ. ಬೆಳಕನ್ನೂ ಕಡಿಮೆ ಮಾಡಬೇಕು, ಹೆಚ್ಚು ಮಾಡಬಾರದು. ಹೀಗಾಗಿ ಲೈನ್‌ಮನ್ ಅಣ್ಣನೂ ಸರಿ, ಕಾಫಿಯವರೂ ಸರಿ. ನಡೆಯುವಾಗ ಕೈಯಲ್ಲಿ, ಮೋಟರ್ ಮನೆಯಲ್ಲಿ ಕೈ ಬಿಡುವಾಗಿರಬೇಕು. ಬುಡದಲ್ಲಿ ಅಯಸ್ಕಾಂತ ಇರುವ ಟಾರ್ಚು ಸಿಗುತ್ತದೆ. ಸ್ಟಾರ್ಟರ್ ಪೆಟ್ಟಿಗೆಯ ಪಕ್ಕದ ಕಬ್ಬಿಣದ ಕಂಬಕ್ಕೋ ಬಾಗಿಲ ಪಟ್ಟಿಗೋ ಅಂಟಿಸಿದರೆ ಎರಡೂ ಕೆಲಸ ಒಂದರಲ್ಲೇ ಆಗುತ್ತದೆ.

ಗಂಗಾವತಿ ಭತ್ತ

ನೀವೆಲ್ಲ ಎರಡು ಸಾವಿರದ ಮಾತಾಡುತ್ತಿದ್ದೀರಿ. ನಮ್ಮ ಕಡೆ ಸಂತೆಯಲ್ಲಿ 250 ರೂಪಾಯಿಗೆ ಎರಡು ಪಿನ್ನಿನ ಟಾರ್ಚ್ ಸಿಗುತ್ತದೆ, ಗೋಡೆಯ ಪ್ಲಗ್ಗಿಗೆ ನೇರ ಚುಚ್ಚಿ ಚಾರ್ಜ್ ಮಾಡುವಂಥದ್ದು. ನೀರು ಕಟ್ಟಲು ಹೋಗುವ ಆಳು, ಗದ್ದೆ ಬದುವಿನ ಮೇಲೆ ತಿರುಗುವ ನಾವು, ಎಲ್ಲರೂ ಅದನ್ನೇ ಕೊಳ್ಳುತ್ತೇವೆ. ಆರು ತಿಂಗಳಿಗೊಂದು ಹೋಗುತ್ತದೆ, ಇನ್ನೊಂದು ತರುತ್ತೇವೆ. ಮೂರು ವರ್ಷದಲ್ಲಿ ನನ್ನ ಮನೆಯ ಅಟ್ಟದ ಮೇಲೆ ಏಳು ಸತ್ತ ಟಾರ್ಚು ಬಿದ್ದಿವೆ. ಎರಡು ಸಾವಿರ ಒಮ್ಮೆಲೇ ಕೊಡಲು ಆಗದವರು ಏನು ಮಾಡಬೇಕು, ಅದನ್ನೂ ಹೇಳಿ.

ದುರಸ್ತಿ ಅಂಗಡಿ, ದಾವಣಗೆರೆ

ಈ ಪ್ರಶ್ನೆ ಬರಲಿ ಎಂದೇ ಕಾಯುತ್ತಿದ್ದೆ ಅಣ್ಣಾ. ಏಳು ಟಾರ್ಚಿಗೆ 1750 ರೂಪಾಯಿ ಆಯಿತು, ಅದು ಬಡವರ ಮೇಲೆ ಬೀಳುವ ಲೆಕ್ಕ. ಆದರೂ ಒಮ್ಮೆಲೇ ಅಷ್ಟು ಕೈಯಲ್ಲಿ ಇರುವುದಿಲ್ಲ ಎಂಬುದು ನನಗೆ ಗೊತ್ತು.

ಆ ಟಾರ್ಚುಗಳ ಒಳಗೆ ಹೆಚ್ಚಾಗಿ ಇರುವುದು 4 ವೋಲ್ಟಿನ ಸೀಸದ ಬ್ಯಾಟರಿ, ಟ್ರ್ಯಾಕ್ಟರ್ ಬ್ಯಾಟರಿಯ ಚಿಕ್ಕ ತಮ್ಮ. ಅದಕ್ಕೆ ಒಂದೇ ಶತ್ರು: ಖಾಲಿಯಾಗಿ ಬಿದ್ದಿರುವುದು. ಖಾಲಿ ಇಟ್ಟರೆ ಒಳಗಿನ ಫಲಕಗಳ ಮೇಲೆ ಸಲ್ಫೇಟ್ ಹರಳುಗಟ್ಟುತ್ತದೆ, ಆಮೇಲೆ ಎಷ್ಟು ಚಾರ್ಜ್ ಮಾಡಿದರೂ ಹಿಡಿಯುವುದಿಲ್ಲ. ಆದ್ದರಿಂದ ಬಂದ ಕೂಡಲೇ ಚಾರ್ಜಿಗೆ ಹಾಕಿ, ಬಳಸದಿದ್ದರೂ ತಿಂಗಳಿಗೊಮ್ಮೆ ಹಾಕಿ. ಹೀಗೆ ನೋಡಿಕೊಂಡರೆ ಆರು ತಿಂಗಳಿನದು ಎರಡು ವರ್ಷ ಬಂದದ್ದನ್ನು ನಾನು ಕಂಡಿದ್ದೇನೆ.

ಆದರೆ ಒಂದು ಅಪಾಯ ಇದೆ, ದಯವಿಟ್ಟು ಮನೆಯ ಮಕ್ಕಳಿಗೂ ಹೇಳಿ. ಅಂಥ ಟಾರ್ಚುಗಳಲ್ಲಿ ಟ್ರಾನ್ಸ್‌ಫಾರ್ಮರ್ ಇರುವುದಿಲ್ಲ. ಒಂದು ಕೆಪಾಸಿಟರ್ ಮೂಲಕ 230 ವೋಲ್ಟಿನ ಗೆರೆ ನೇರವಾಗಿ ಒಳಗಿನ ಸರ್ಕ್ಯೂಟಿಗೆ ತಾಗಿರುತ್ತದೆ. ಪ್ಲಗ್ಗಿನಲ್ಲಿ ಇರುವಾಗ ಸ್ವಿಚ್ ಒತ್ತಬಾರದು, ಮೈ ಒಡೆದಿದ್ದರೆ ಚಾರ್ಜಿಗೇ ಹಾಕಬಾರದು, ಒದ್ದೆ ಕೈಯಲ್ಲಿ ಮುಟ್ಟಬಾರದು. ತೆಗೆದ ತಕ್ಷಣ ಪಿನ್ನುಗಳನ್ನೂ ಮುಟ್ಟಬೇಡಿ.

ಐನೂರರೊಳಗೆ ಬೇಕೆಂದರೆ ನನ್ನ ಸಲಹೆ, ಎರಡು ಡಬಲ್ ಎ ಸೆಲ್ ಹಾಕುವ, ಹೆಸರಿರುವ ಕಂಪನಿಯ ಸಾದಾ ಎಲ್‌ಇಡಿ ಟಾರ್ಚು. 80, 100 ಲ್ಯೂಮೆನ್ ಬರುತ್ತದೆ. ಮೊಬೈಲಿನ ಬೆಳಕು 50ರ ಆಸುಪಾಸು, ಅದೂ ಹರಡಿ ಹೋಗುತ್ತದೆ. ಬದುವಿನ ಮೇಲೆ ನಡೆಯಲು 80 ಧಾರಾಳ ಸಾಕು. ಕಣ್ಣಿಗೆ ಎರಡರಷ್ಟು ಪ್ರಕಾಶ ಎನಿಸಬೇಕಾದರೆ ಸುಮಾರು ನಾಲ್ಕರಷ್ಟು ಲ್ಯೂಮೆನ್ ಬೇಕು, ಹಾಗಾಗಿ ದೊಡ್ಡ ಸಂಖ್ಯೆಗೆ ಕೊಡುವ ಹಣ ಅಷ್ಟಾಗಿ ಕಣ್ಣಿಗೆ ಬೀಳುವುದಿಲ್ಲ. ಸೆಲ್ ಊರಿನ ಕಿರಾಣಿ ಅಂಗಡಿಯಲ್ಲೇ ಸಿಗುತ್ತದೆ. ಮುಂದೆ ಕೈಯಲ್ಲಿ ಹಣ ಬಂದಾಗ ಎನೆಲೂಪ್‌ನಂಥ ರೀಚಾರ್ಜ್ ಸೆಲ್ ಮತ್ತು ಚಾರ್ಜರ್ ಕೊಂಡರೆ ಅದೇ ಟಾರ್ಚಿಗೆ ಆಗುತ್ತದೆ. ತಿಂಗಳುಗಟ್ಟಲೆ ಬಳಸದಿದ್ದರೆ ಸೆಲ್ ತೆಗೆದಿಡಿ, ಸೋರಿ ಸ್ಪ್ರಿಂಗ್ ತಿಂದುಹಾಕುತ್ತದೆ.

ಗಂಗಾವತಿ ಭತ್ತ

ಚಾರ್ಜಿನಲ್ಲಿ ಇರುವಾಗಲೇ ಸ್ವಿಚ್ ಒತ್ತಿ ನೋಡುವುದು ನಮ್ಮ ಮನೆಯಲ್ಲಿ ದಿನದ ಅಭ್ಯಾಸ. ಇವತ್ತೇ ನಿಲ್ಲಿಸಿದೆ. ಉಪಕಾರವಾಯಿತು.

ಮರಳುನಾಡಿನ ಕನ್ನಡಿಗ

ದುಬೈನಿಂದ ಬರೆಯುತ್ತಿದ್ದೇನೆ. ಟಾರ್ಚ್ ಹವ್ಯಾಸಿಗಳು ವರ್ಷಗಳಿಂದ ಹೇಳುತ್ತಾ ಬಂದ ಕೆಲವು ಹೆಸರುಗಳಿವೆ: ಕಾನ್ವಾಯ್ ಎಸ್2 ಪ್ಲಸ್, ಸೋಫಿರ್ನ್ ಎಸ್‌ಸಿ31 ಪ್ರೊ, ವುರ್ಕೋಸ್ ಎಫ್‌ಸಿ11. ಮೂರೂ ಚೀನಾದವು, ಮೂರೂ 18650 ಸೆಲ್ಲಿನವು, ಬೆಲೆಗೆ ತಕ್ಕ ಮಾಲು. 2020ರ ನವೆಂಬರಿನಲ್ಲಿ ಭಾರತದಲ್ಲಿ ಅಲಿಎಕ್ಸ್‌ಪ್ರೆಸ್ ಎಂಬ ಚೀನಾದ ಆನ್‌ಲೈನ್ ಅಂಗಡಿ ನಿಂತ ಮೇಲೆ ಕಾನ್ವಾಯ್ ನೇರವಾಗಿ ತರಿಸುವುದು ಕಷ್ಟವಾಗಿದೆ. ಇದರಲ್ಲಿ ಸೋಫಿರ್ನ್ ಹಿರಿಯರಿಗೆ ಬೇಡ. ಬೆಳಕು ಚೆನ್ನಾಗಿದೆ, ಆದರೆ ಒಂದೇ ಗುಂಡಿಯನ್ನು ಎರಡು ಸಲ, ಮೂರು ಸಲ, ನಾಲ್ಕು ಸಲ ಒತ್ತಿದರೆ ಬೇರೆ ಬೇರೆ ಕೆಲಸ ಮಾಡುತ್ತದೆ. ಕತ್ತಲಲ್ಲಿ ಗಾಬರಿಯಾದಾಗ ಅದೆಲ್ಲ ನೆನಪಿರುವುದಿಲ್ಲ. ಎಫ್‌ಸಿ11ರಲ್ಲಿ ಬುಡದ ಅಯಸ್ಕಾಂತವೂ ಇದೆ, ಟೈಪ್ ಸಿ ಚಾರ್ಜಿಂಗೂ ಇದೆ.

ವಿದೇಶದಿಂದ ಯಾರಾದರೂ ತರುವುದಾದರೆ ಬಿಡಿ ಲಿಥಿಯಂ ಸೆಲ್ಲುಗಳನ್ನು ಕೈಚೀಲದಲ್ಲೇ ತರಬೇಕು, ಚೆಕ್ ಇನ್ ಸಾಮಾನಿನಲ್ಲಿ ಹಾಕುವಂತಿಲ್ಲ.

ಮೂರು ಸೆಲ್ಲಿನ ಮೇಷ್ಟರು

ಗುಂಡಿಯ ಮಾತು ಬಹಳ ಮುಖ್ಯ. ನನಗೀಗ ಎಪ್ಪತ್ತೆರಡು. ಮೊಮ್ಮಗ ಕೊಡಿಸಿದ ಟಾರ್ಚು ಆರಿಸಲು ಹೋದರೆ ಮಿಣುಕು ದೀಪವಾಗುತ್ತದೆ, ಇನ್ನೊಮ್ಮೆ ಒತ್ತಿದರೆ ಎಸ್‌ಒಎಸ್ ಹೊಡೆಯುತ್ತದೆ. ರಾತ್ರಿ ಬಚ್ಚಲಿಗೆ ಎದ್ದವನಿಗೆ ಅದೆಲ್ಲ ಯಾಕೆ? ಹೆಬ್ಬೆರಳು ಒಮ್ಮೆ ಒತ್ತಿದರೆ ಹತ್ತಬೇಕು, ಇನ್ನೊಮ್ಮೆ ಒತ್ತಿದರೆ ಆರಬೇಕು.

ದುರಸ್ತಿ ಅಂಗಡಿ, ದಾವಣಗೆರೆ

ಇನ್ನೆರಡು ಮಾತು ಹೇಳಿ ನಿಲ್ಲಿಸುತ್ತೇನೆ. ಒಂದು, ಡಬ್ಬಿಯ ಮೇಲಿನ ಗಂಟೆಗಳ ಲೆಕ್ಕ. ಆ ಎಫ್‌ಎಲ್ 1 ಮಾನದಂಡದಲ್ಲಿ ಲ್ಯೂಮೆನ್ ಅಳೆಯುವುದು ಹತ್ತಿಸಿದ 30 ಸೆಕೆಂಡಿನಿಂದ 2 ನಿಮಿಷದೊಳಗೆ. ಉರಿಯುವ ಸಮಯ ಎಂದರೆ ಬೆಳಕು ಹತ್ತನೇ ಒಂದು ಭಾಗಕ್ಕೆ ಇಳಿಯುವವರೆಗಿನದು. 1300 ಲ್ಯೂಮೆನ್, ಮೂರು ಗಂಟೆ ಎಂದು ಬರೆದಿದ್ದರೆ ಮೂರು ಗಂಟೆಯೂ 1300 ಇರುತ್ತದೆ ಎಂದಲ್ಲ. ಅಷ್ಟು ಚಿಕ್ಕ ಮೈ ಅಷ್ಟು ಬಿಸಿಯನ್ನು ಹೊರಹಾಕಲಾರದು. ಕೆಲವೇ ನಿಮಿಷದಲ್ಲಿ ಕೈಗೆ ತಾಳಲಾರದಷ್ಟು ಕಾಯುತ್ತದೆ, ಆಗ ಸರ್ಕ್ಯೂಟ್ ತಾನೇ ಬೆಳಕು ತಗ್ಗಿಸುತ್ತದೆ. ಅದು ದೋಷವಲ್ಲ, ಒಳ್ಳೆಯ ಗುಣ. ನೀವು ನೋಡಬೇಕಾದದ್ದು ನಡುವಿನ ಮೆಟ್ಟಿಲಿನಲ್ಲಿ, ಅಂದರೆ 150 ರಿಂದ 350 ಲ್ಯೂಮೆನ್ನಿನಲ್ಲಿ, ಎಷ್ಟು ಹೊತ್ತು ಒಂದೇ ಸಮ ನಿಲ್ಲುತ್ತದೆ ಎಂಬುದನ್ನು.

ಎರಡು, ನೀರು. ಐಪಿಎಕ್ಸ್4 ಎಂದರೆ ಮಳೆ ಹನಿಗೆ ತಡೆಯುತ್ತದೆ. ಐಪಿಎಕ್ಸ್7 ಎಂದರೆ ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ. ಮಲೆನಾಡಿಗೆ, ಅದೂ ಹಳ್ಳ ದಾಟುವವರಿಗೆ, ಏಳಕ್ಕಿಂತ ಕಡಿಮೆ ಬೇಡ.

ಮುಂದಿನ ಗಾಜನ್ನು ಎಳೆದು ಜೂಮ್ ಮಾಡುವ ಟಾರ್ಚು ಬೇಡ. ಎಳೆದಾಗ ಬೆಳಕಿನ ದೊಡ್ಡ ಪಾಲು ಒಳಗಿನ ಕೊಳವೆಯ ಗೋಡೆಗೆ ಬಡಿದು ವ್ಯರ್ಥವಾಗುತ್ತದೆ. ಎಳೆಯುವ ಸಂದಿಯಿಂದ ನೀರೂ ನುಗ್ಗುತ್ತದೆ.

ತುಂಗೆಯ ಮಗಳು

ಎಲ್ಲರ ಮಾತನ್ನೂ ಒಂದು ಹಾಳೆಯಲ್ಲಿ ಬರೆದುಕೊಂಡು ಹುಡುಕಿದೆ. ಕೊನೆಗೆ ತರಿಸಿದ್ದು 18650ರ ಒಂದು ಟಾರ್ಚು. ಸಿಆರ್‌ಐ 90, 5000 ಕೆಲ್ವಿನ್, ಬುಡದಲ್ಲಿ ಅಯಸ್ಕಾಂತ, ಟೈಪ್ ಸಿ, ಐಪಿಎಕ್ಸ್8. ಸೆಲ್ಲೂ ಸೇರಿ ಎರಡು ಸಾವಿರದೊಳಗೇ ಆಯಿತು. ಬಂದ ದಿನ ಸೆಲ್ಲನ್ನು ಬೀದಿಯ ಚಿನ್ನದ ಅಂಗಡಿಗೆ ಒಯ್ದು ತೂಕ ಹಾಕಿಸಿದೆ. 47 ಗ್ರಾಂ. ಶುಕ್ರವಾರ ರಾತ್ರಿಯ ಬಸ್ಸಿಗೆ ನಾನೇ ಒಯ್ಯುತ್ತಿದ್ದೇನೆ, ಜೊತೆಗೆ ಮೊಣಕಾಲಿನವರೆಗಿನ ಗಂಬೂಟು.

ತುಂಗೆಯ ಮಗಳು

ಮೂರು ವಾರದ ನಂತರ ಬರೆಯುತ್ತಿದ್ದೇನೆ, ಕೇಳಿದವರಿಗೆಲ್ಲ ಉತ್ತರ ಕೊಡಬೇಕಲ್ಲ.

ಅಪ್ಪ ಮೊದಲು ಒಪ್ಪಲಿಲ್ಲ. ಇಷ್ಟು ಚಿಕ್ಕದು, ಹಿಡಿದ ಹಾಗೇ ಆಗುವುದಿಲ್ಲ ಎಂದರು. ಅವರ ಕೈ ಮೂರು ಸೆಲ್ಲಿನ ಬ್ಯಾಟರಿಗೆ ಒಗ್ಗಿದ ಕೈ. ಹಳೆಯ ಛತ್ರಿಯ ನೈಲಾನ್ ದಾರ ಬಿಚ್ಚಿ ಬುಡಕ್ಕೆ ಕಟ್ಟಿ ಕೈಗೆ ಸಿಕ್ಕಿಸಿಕೊಳ್ಳುವಂತೆ ಮಾಡಿಕೊಂಡ ಮೇಲೆ ಸರಿಹೋಯಿತು. ಮೊದಲ ರಾತ್ರಿ ನಾನೂ ಹಿಂದೆ ಹೋದೆ. ಸಂಕದ ಹತ್ತಿರ ನಿಂತು ಅಪ್ಪ ಟಾರ್ಚನ್ನು ದಬ್ಬೆಯ ಮೇಲೆ ಹಿಡಿದು ನೋಡಿದರು. ಪಾಚಿಯ ಹಸಿರು, ದಬ್ಬೆಯ ಕಂದು, ನಡುವೆ ಬಿರುಕು ಬಿಟ್ಟು ಬೆಳ್ಳಗಾದ ಒಂದು ಗೇಣು ಜಾಗ, ಎಲ್ಲ ಬೇರೆ ಬೇರೆಯಾಗಿ ಕಂಡವು. ಆ ಬಿರುಕು ಇದೆ ಎಂದು ಅಪ್ಪನಿಗೇ ಗೊತ್ತಿರಲಿಲ್ಲವಂತೆ. ಮರುದಿನ ಬೆಳಿಗ್ಗೆಯೇ ಹೊಸ ದಬ್ಬೆ ಹಾಕಿಸಿದರು.

ನಾಲ್ಕು ಮೆಟ್ಟಿಲಿನ ಬೆಳಕಿದ್ದರೂ ಅವರು ಬಳಸುವುದು ಎರಡನೆಯದನ್ನು ಮಾತ್ರ. ದಿನಾ ಮುಕ್ಕಾಲು ಗಂಟೆ ಉರಿಸಿದರೂ ವಾರಕ್ಕೊಮ್ಮೆ ಚಾರ್ಜ್ ಸಾಕಾಗುತ್ತಿದೆ. ಭಾನುವಾರ ಸಂಜೆ ಎಂದು ಅಮ್ಮ ದಿನ ಗೊತ್ತು ಮಾಡಿದ್ದಾರೆ. ಅತಿ ಹೆಚ್ಚಿನ ಮೆಟ್ಟಿಲಿಗೆ ಒಂದೇ ಉಪಯೋಗ. ಮೋಟರ್ ಹಾಕಿ ನೀರು ಬಿದ್ದದ್ದು ಖಚಿತವಾದ ಮೇಲೆ ಅಪ್ಪ ತೋಟದ ತಲೆಗೆ ಬಂದು ಮನೆಯ ಕಡೆಗೆ ಒಂದು ಸಲ ಬೆಳಕು ಬಿಡುತ್ತಾರೆ. ಜಗಲಿಯ ಕಂಬದ ಮೇಲೆ ಅದು ಬಿದ್ದದ್ದನ್ನು ನೋಡಿ ಅಮ್ಮ ಒಳಗೆ ಹೋಗಿ ಮಲಗುತ್ತಾರೆ.

ಒಂದೇ ತೊಂದರೆ. ಪಂಚೆಯ ಮಡಿಲಿನಲ್ಲಿ ಸಿಕ್ಕಿಸಿಕೊಂಡಾಗ ತಾನಾಗಿ ಹತ್ತಿಕೊಂಡು ಬಿಸಿಯಾಗುತ್ತದೆ. ಇದಕ್ಕೆ ಏನು ಮಾಡಲಿ?

ದುರಸ್ತಿ ಅಂಗಡಿ, ದಾವಣಗೆರೆ

ಬುಡದ ಮುಚ್ಚಳವನ್ನು ಕಾಲು ಸುತ್ತು ಸಡಿಲಿಸಿ ಇಟ್ಟರೆ ಸಂಪರ್ಕ ತಪ್ಪುತ್ತದೆ, ಹತ್ತುವುದಿಲ್ಲ. ಬೇಕಾದಾಗ ಬಿಗಿದರೆ ಆಯಿತು. ಅಪ್ಪನಿಗೆ ಎರಡು ಸಲ ಮಾಡಿ ತೋರಿಸಿ, ಕತ್ತಲಲ್ಲಿ ಒಮ್ಮೆ ಅವರ ಕೈಯಲ್ಲೇ ಮಾಡಿಸಿ. ಮಳೆಗಾಲ ಶುರುವಾಗುವ ಮೊದಲು ಆ ಮುಚ್ಚಳದ ಒಳಗಿನ ರಬ್ಬರ್ ಉಂಗುರಕ್ಕೆ ಸ್ವಲ್ಪ ಸಿಲಿಕಾನ್ ಗ್ರೀಸ್ ಹಚ್ಚಿ. ವ್ಯಾಸಲೀನ್ ಬೇಡ, ಕೆಲವು ಬಗೆಯ ರಬ್ಬರ್ ಅದಕ್ಕೆ ಉಬ್ಬುತ್ತದೆ.